ಎರಡನೆಯ ಮನೆಯೇ ನಿಜವಾದ ಪರೀಕ್ಷೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಅದರ ಸುತ್ತಲಿನ ಗ್ರಾಮಗಳು ಕೆಲವೇ ಕ್ಷಣಗಳಲ್ಲಿ ಕಲ್ಲುಮಣ್ಣಿನ ರಾಶಿಯಾದವು. ಹಿಂದಿನ ದಿನ ಗಣೇಶ ವಿಸರ್ಜನೆ. ತಡರಾತ್ರಿಯವರೆಗೆ ಮೆರವಣಿಗೆಯಲ್ಲಿದ್ದವರು ಮನೆ ಸೇರಿ ಗಾಢ ನಿದ್ದೆಯಲ್ಲಿದ್ದರು. ಸುಮಾರು 8,000 ಮಂದಿ ಅಸುನೀಗಿದರು. ಭೂಕಂಪದ ಪ್ರಮಾಣ 6.2ರ ಆಸುಪಾಸಿನಲ್ಲಿತ್ತು. ಈ ಪ್ರಮಾಣದ ಕಂಪನಗಳು ಜಪಾನಿನಂತಹ ದೇಶಗಳಲ್ಲಿ ಆಗಾಗ ಸಂಭವಿಸುತ್ತವೆ. ಅಲ್ಲಿ ಸಾವಿನ ಲೆಕ್ಕ ಹೀಗೆ ಸಾವಿರಗಳಿಗೆ ಏರುವುದಿಲ್ಲ. ಜನರನ್ನು ಕೊಲ್ಲುವುದು ಭೂಕಂಪವಲ್ಲ, ಕಟ್ಟಡ ಎಂದು ಎಂಜಿನಿಯರುಗಳು ಹೇಳುತ್ತಾರೆ. ಆ ಮಾತಿಗೆ ಕಿಲ್ಲಾರಿಗಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ.

ಕಿಲ್ಲಾರಿ ನಮಗೆ ದೂರದ ಊರೂ ಅಲ್ಲ. ಅಂದು ಅತಿ ಹೆಚ್ಚು ಹಾನಿಗೀಡಾದ ಉಮರ್ಗಾ ತಾಲ್ಲೂಕು ನಮ್ಮ ಬಸವಕಲ್ಯಾಣ ಮತ್ತು ಆಳಂದ ಸೀಮೆಗೆ ಹೊಂದಿಕೊಂಡಿದೆ. ಗಡಿಯ ಈಚೆಗೂ ಆಚೆಗೂ ಅದೇ ಕಪ್ಪು ಮಣ್ಣು, ಅದೇ ಜೋಳದ ಹೊಲ, ಅದೇ ದಪ್ಪ ಗೋಡೆಯ ಮಾಳಿಗೆ ಮನೆ. ಭೂಮಿಯೊಳಗಿನ ಬಿರುಕುಗಳಿಗೆ ರಾಜ್ಯಗಳ ಗಡಿ ಗೊತ್ತಿಲ್ಲ. ಆದ್ದರಿಂದ ಲಾತೂರಿನ ಪುನರ್ನಿರ್ಮಾಣದಲ್ಲಿ ಏನು ಕೈಗೂಡಿತು, ಏನು ಕೈತಪ್ಪಿತು ಎಂಬುದು ಕನ್ನಡಿಗರಿಗೆ ಕೇವಲ ಕುತೂಹಲದ ವಿಷಯವಾಗಬಾರದು.

ಪ್ರತಿಯೊಂದು ದುರಂತದ ನಂತರವೂ ಸರ್ಕಾರಗಳು ಒಂದೇ ಅಂಕಿಯನ್ನು ಹೇಳುತ್ತವೆ: ಇಷ್ಟು ಸಾವಿರ ಮನೆಗಳನ್ನು ಕಟ್ಟಿಕೊಟ್ಟೆವು. ಪುನರ್ನಿರ್ಮಾಣದ ಯಶಸ್ಸನ್ನು ಅಳೆಯಲು ಆ ಅಂಕಿ ಸಾಲದು. ಸರ್ಕಾರದ ಹಣದಿಂದ ಕಟ್ಟಿದ ಮೊದಲ ಮನೆ ಗಟ್ಟಿಯಾಗಿರುವುದು ಸಹಜ. ಹಣವೂ ಇರುತ್ತದೆ, ಎಂಜಿನಿಯರೂ ಇರುತ್ತಾರೆ, ಭಯವೂ ಇರುತ್ತದೆ. ಹದಿನೈದು ಇಪ್ಪತ್ತು ವರ್ಷ ಕಳೆದು, ಮಗನ ಮದುವೆಗೆಂದು ಅದೇ ಕುಟುಂಬ ತನ್ನ ಸ್ವಂತ ಹಣದಿಂದ, ಊರಿನ ಗೌಂಡಿಯ ಕೈಯಿಂದ ಒಂದು ಕೋಣೆಯನ್ನು ಸೇರಿಸಿದಾಗ ಅದು ಹೇಗಿರುತ್ತದೆ? ಅಂದು ಯಾವ ಅಧಿಕಾರಿಯೂ ನೋಡಲು ಬರುವುದಿಲ್ಲ. ಆ ಎರಡನೆಯ ಮನೆ ಭೂಕಂಪಕ್ಕೆ ಎದೆಯೊಡ್ಡಿ ನಿಲ್ಲುವಂತಿದ್ದರೆ ಮಾತ್ರ ಪುನರ್ನಿರ್ಮಾಣ ಯಶಸ್ವಿಯಾಯಿತು ಎನ್ನಬಹುದು.

ಗೋಡೆ ಬಿದ್ದದ್ದು ಏಕೆ?

ಮರಾಠವಾಡದ ಆ ಮನೆಗಳನ್ನು ಕಟ್ಟಿದವರು ಅಜ್ಞಾನಿಗಳಾಗಿರಲಿಲ್ಲ. ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ ಮತ್ತು ಮಣ್ಣಿನ ಮಾಳಿಗೆ ಬೇಸಿಗೆಯ ಉರಿಯನ್ನು ತಡೆಯುತ್ತಿದ್ದವು. ಕಳ್ಳಕಾಕರ ಭಯವಿದ್ದ ಕಾಲದಲ್ಲಿ ರಕ್ಷಣೆಯನ್ನೂ ನೀಡುತ್ತಿದ್ದವು. ಹಳೆಯ ಮನೆಗಳಲ್ಲಿ ಮಾಳಿಗೆಯ ಭಾರವನ್ನು ಹೊರುತ್ತಿದ್ದುದು ಮರದ ಕಂಬ ಮತ್ತು ತೊಲೆಗಳೇ ಹೊರತು ಗೋಡೆಯಲ್ಲ. 1993ರಲ್ಲಿಯೂ ಹಲವು ಕಡೆ ಗೋಡೆಗಳು ಕುಸಿದರೂ ಮರದ ಚೌಕಟ್ಟು ನಿಂತೇ ಇತ್ತು. ಕಾಲಕ್ರಮೇಣ ಮರ ದುಬಾರಿಯಾಯಿತು. ಕಂಬಗಳನ್ನು ಬಿಟ್ಟು ತೊಲೆಗಳನ್ನು ನೇರವಾಗಿ ಗೋಡೆಯ ಮೇಲೆ ಇರಿಸುವುದು ರೂಢಿಯಾಯಿತು. ಮಳೆಗಾಲದಲ್ಲಿ ಸೋರದಿರಲೆಂದು ಮಾಳಿಗೆಯ ಮೇಲೆ ಹೊಸ ಮಣ್ಣನ್ನು ಹಾಕುತ್ತಾ ಹೋದುದರಿಂದ ಅದರ ತೂಕ ವರ್ಷದಿಂದ ವರ್ಷಕ್ಕೆ ಬೆಳೆಯಿತು.

ನೆಲ ನಡುಗುವಾಗ ಕಟ್ಟಡದ ಮೇಲೆ ಬೀಳುವ ಬಲವು ಕಟ್ಟಡದ ತೂಕಕ್ಕೆ ಅನುಗುಣವಾಗಿರುತ್ತದೆ. ಭಾರ ಹೆಚ್ಚಿದಷ್ಟೂ ಹೊಡೆತ ಹೆಚ್ಚು. ಆ ಗೋಡೆಗಳಾದರೋ ಹೊರಗೊಂದು ಪದರ, ಒಳಗೊಂದು ಪದರವಾಗಿ ಕಲ್ಲನ್ನು ಜೋಡಿಸಿ ನಡುವೆ ಮಣ್ಣು ಮತ್ತು ಚೂರುಗಲ್ಲು ತುಂಬಿದವು. ಎರಡು ಪದರಗಳನ್ನು ಹಿಡಿದಿಡಲು ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದನೆಯ ಕಲ್ಲುಗಳು ಇರಲಿಲ್ಲ. ಮೂಲೆಯಲ್ಲಿ ಎರಡು ಗೋಡೆಗಳು ಒಂದನ್ನೊಂದು ಹಿಡಿದುಕೊಂಡಿರಲಿಲ್ಲ. ಕಂಪನದ ಮೊದಲ ಹೊಡೆತಕ್ಕೆ ಪದರಗಳು ಬೇರ್ಪಟ್ಟವು, ಮೂಲೆಗಳು ಬಿಚ್ಚಿಕೊಂಡವು, ಗೋಡೆಯನ್ನೇ ನಂಬಿದ್ದ ಮಾಳಿಗೆಯ ಮಣ್ಣು ಮಲಗಿದ್ದವರ ಮೇಲೆ ಬಿತ್ತು.

ಪರಿಹಾರವೇನೂ ದೊಡ್ಡ ರಹಸ್ಯವಲ್ಲ. ಗೋಡೆಯಲ್ಲಿ ಅಡ್ಡ ಹಾಯುವ ಕಲ್ಲುಗಳಿರಬೇಕು. ಮೂಲೆಗಳನ್ನು ಬಂಧಿಸಬೇಕು. ತಳಪಾಯ, ಲಿಂಟಲ್ ಮತ್ತು ಛಾವಣಿಯ ಮಟ್ಟದಲ್ಲಿ ಇಡೀ ಮನೆಯನ್ನು ಸುತ್ತುವರಿದ, ಎಲ್ಲಿಯೂ ತುಂಡಾಗದ ಕಾಂಕ್ರೀಟಿನ ಇಲ್ಲವೇ ಮರದ ಪಟ್ಟಿ ಇರಬೇಕು. ಪೀಪಾಯಿಯ ಹಲಗೆಗಳನ್ನು ಕಬ್ಬಿಣದ ಬಳೆ ಹಿಡಿದಿಡುವಂತೆ ಈ ಪಟ್ಟಿ ನಾಲ್ಕು ಗೋಡೆಗಳನ್ನು ಒಂದಾಗಿ ಹಿಡಿದಿಡುತ್ತದೆ. ಬಾಗಿಲು ಕಿಟಕಿಗಳು ಮೂಲೆಗೆ ತೀರ ಹತ್ತಿರವಿರಬಾರದು. ಛಾವಣಿ ಹಗುರವಾಗಿರಬೇಕು. ಒಂದಂತಸ್ತಿನ ಮನೆಗೆ ಇವುಗಳಿಂದ ತಗಲುವ ಹೆಚ್ಚುವರಿ ವೆಚ್ಚ ಸಾಮಾನ್ಯವಾಗಿ ಶೇ 5ರಿಂದ 10ರ ಆಸುಪಾಸು ಎಂದು ಅಂದಾಜು. ಮಣ್ಣಿನ ಮನೆಗಳಿಗೂ, ಗಾರೆ ದುರ್ಬಲವಾದ ಕಲ್ಲಿನ ಮನೆಗಳಿಗೂ ಭಾರತೀಯ ಮಾನಕ ಬ್ಯೂರೊದ ಪ್ರತ್ಯೇಕ ಸಂಹಿತೆಗಳಿವೆ. ವಿಪರ್ಯಾಸವೆಂದರೆ ಈ ಎರಡೂ ಸಂಹಿತೆಗಳ ವರ್ಷ 1993, ಅಂದರೆ ಕಿಲ್ಲಾರಿ ನೆಲಸಮವಾದ ವರ್ಷವೇ. ಜ್ಞಾನ ಪುಸ್ತಕದಲ್ಲಿತ್ತು. ಗೌಂಡಿಯ ಕೈಯಲ್ಲಿರಲಿಲ್ಲ.

ಲಾತೂರಿನ ಎರಡು ದಾರಿಗಳು

ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನೊಂದಿಗೆ ಕೈಗೊಂಡ ಪುನರ್ವಸತಿ ಕಾರ್ಯಕ್ರಮ ಆ ಕಾಲಕ್ಕೆ ದೇಶದಲ್ಲಿಯೇ ಅಪೂರ್ವವಾದುದು. ಸಂಪೂರ್ಣ ನಾಶವಾದ 52 ಗ್ರಾಮಗಳನ್ನು ಹೊಸ ಜಾಗಗಳಿಗೆ ಸ್ಥಳಾಂತರಿಸಲಾಯಿತು. ಅಷ್ಟಾಗಿ ಹಾನಿಯಾಗದ ಉಳಿದ ನೂರಾರು ಹಳ್ಳಿಗಳಲ್ಲಿ ಜನರು ತಮ್ಮ ಮನೆಗಳನ್ನು ಇದ್ದಲ್ಲಿಯೇ ದುರಸ್ತಿ ಮಾಡಿ ಬಲಪಡಿಸಿಕೊಳ್ಳಲು ನೆರವು ನೀಡಲಾಯಿತು. ಒಂದೇ ಕಾರ್ಯಕ್ರಮದ ಈ ಎರಡು ದಾರಿಗಳು ನಮಗೆ ಎರಡು ಬಗೆಯ ಪಾಠಗಳನ್ನು ಹೇಳುತ್ತವೆ.

ಸ್ಥಳಾಂತರಗೊಂಡ ಊರುಗಳಲ್ಲಿ ಮನೆಗಳನ್ನು ಬಹುಮಟ್ಟಿಗೆ ಗುತ್ತಿಗೆದಾರರು ಮತ್ತು ದಾನಿ ಸಂಸ್ಥೆಗಳು ಕಟ್ಟಿಕೊಟ್ಟರು. ಭೂರಹಿತರಿಗೆ ಮತ್ತು ಒಂದು ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗೆ 250 ಚದರ ಅಡಿ, ಏಳು ಹೆಕ್ಟೇರ್‌ವರೆಗಿನವರಿಗೆ 400, ಅದಕ್ಕಿಂತ ಹೆಚ್ಚಿದ್ದವರಿಗೆ 750 ಚದರ ಅಡಿ ಎಂದು ಮನೆಯ ಅಳತೆ ನಿಗದಿಯಾಯಿತು. ಆಡಳಿತದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಗ್ರಾಮವೆಂಬುದು ಮನೆಗಳ ಪಟ್ಟಿಯಲ್ಲ. ಹಳೆಯ ಊರಿನಲ್ಲಿ ಅಣ್ಣತಮ್ಮಂದಿರ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಓಣಿಗಳಿಗೆ ತಮ್ಮದೇ ಆದ ನೆಂಟಸ್ತನವಿತ್ತು. ಹೊಸ ಊರಿನಲ್ಲಿ ಬಡಾವಣೆಯ ನಕ್ಷೆಯಂತೆ ನೇರ ರಸ್ತೆಗಳೂ ಸಮಾನ ನಿವೇಶನಗಳೂ ಬಂದವು. ಮನೆಯ ಅಳತೆ ಜಮೀನಿನ ಅಳತೆಯನ್ನು ಅನುಸರಿಸಿದ್ದರಿಂದ ಬಡವರದೊಂದು ಸಾಲು, ಉಳ್ಳವರದೊಂದು ಸಾಲು ಎಂಬ ವಿಂಗಡಣೆಯಾಯಿತು. ಊರಿನ ವಿಸ್ತೀರ್ಣ ಹಲವು ಪಟ್ಟು ಹೆಚ್ಚಿ ಅಷ್ಟೂ ಸಾಗುವಳಿ ಭೂಮಿ ಕೈಬಿಟ್ಟುಹೋಯಿತು. ಎತ್ತು ಎಮ್ಮೆಗಳಿಗೆ ಜಾಗವೆಲ್ಲಿ, ಜೋಳದ ಚೀಲ ಇಡುವುದೆಲ್ಲಿ ಎಂಬ ಪ್ರಶ್ನೆಗಳು ಉತ್ತರವಿಲ್ಲದೆ ಉಳಿದವು.

ಜನರು ಸುಮ್ಮನೆ ಕೂರಲಿಲ್ಲ. ಕೊಟ್ಟ ಮನೆಗೆ ತಮಗೆ ಬೇಕಾದುದನ್ನು ತಾವೇ ಸೇರಿಸಿಕೊಂಡರು. ಆದರೆ ಸೇರಿಸಿದ ಭಾಗಗಳಿಗೆ ಸರ್ಕಾರಿ ಮನೆಯ ತಂತ್ರ ಇಳಿದು ಬರಲಿಲ್ಲ ಎಂಬುದನ್ನು ಆ ಊರುಗಳಲ್ಲಿ ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊರಗಿನಿಂದ ಬಂದ ಗುತ್ತಿಗೆದಾರ ಹೊರಗಿನ ಕೆಲಸಗಾರರನ್ನು ಕರೆತಂದು, ಕಟ್ಟಿ, ಬೀಗದ ಕೈ ಕೊಟ್ಟು ಹೊರಟುಹೋದ. ಕಬ್ಬಿಣದ ಸರಳು ಎಲ್ಲಿತ್ತು, ಏಕಿತ್ತು ಎಂಬುದು ಮನೆಯ ಯಜಮಾನನಿಗೂ ತಿಳಿಯಲಿಲ್ಲ, ಊರಿನ ಗೌಂಡಿಗೂ ತಿಳಿಯಲಿಲ್ಲ. ಮನೆ ಊರಿಗೆ ಬಂತು. ವಿದ್ಯೆ ಗುತ್ತಿಗೆದಾರನ ಜೊತೆಯಲ್ಲಿಯೇ ಹೋಯಿತು.

ಎರಡನೆಯ ದಾರಿ ಹೆಚ್ಚು ಕಷ್ಟದ್ದು. ದುರಸ್ತಿಯ ಕೆಲಸವನ್ನು ಮನೆಯವರೇ ಮಾಡಿಸಬೇಕಾಗಿತ್ತು. ಅವರಿಗೆ ತಿಳಿಸಿ ಹೇಳಲು ‘ಸ್ವಯಂ ಶಿಕ್ಷಣ ಪ್ರಯೋಗ’ ಸಂಸ್ಥೆಯ ಮೂಲಕ, ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ, ಮಹಿಳಾ ಮಂಡಳಗಳ ಹೆಣ್ಣುಮಕ್ಕಳನ್ನು ‘ಸಂವಾದ ಸಹಾಯಕ’ರನ್ನಾಗಿ ನೇಮಿಸಲಾಯಿತು. ಅಧಿಕಾರಿ ಮತ್ತು ಗ್ರಾಮದ ನಡುವಿನ ಕೊಂಡಿಯಾಗಿ ಅವರು ಕೆಲಸ ಮಾಡಿದರು. ಇಲ್ಲಿಯೂ ಎಲ್ಲವೂ ಎಣಿಸಿದಂತೆ ನಡೆಯಲಿಲ್ಲ. ಕಲ್ಲಿನ ಗೋಡೆಯ ಬಗ್ಗೆ ಜನರ ಮನಸ್ಸಿನಲ್ಲಿ ಎಂಥ ಭಯ ಹೊಕ್ಕಿತ್ತೆಂದರೆ, ಬಹಳಷ್ಟು ಜನ ಹಳೆಯ ಮನೆಯನ್ನು ಬಲಪಡಿಸುವ ಬದಲು ಬಂದ ಹಣದಿಂದ ಹೊಸದೊಂದು ಕೋಣೆಯನ್ನೇ ಕಟ್ಟಿಕೊಂಡರು. ಆದರೂ ಕಟ್ಟುವ ವಿಷಯದಲ್ಲಿ ಊರಿನವರು, ಅದರಲ್ಲೂ ಹೆಂಗಸರು, ಬಾಯಿಬಿಟ್ಟು ಪ್ರಶ್ನೆ ಕೇಳುವುದನ್ನು ಕಲಿತದ್ದು ಈ ದಾರಿಯಲ್ಲಿ. ಏಳು ವರ್ಷಗಳ ನಂತರ ಗುಜರಾತಿನಲ್ಲಿ ಭೂಮಿ ಬಿರಿದಾಗ ಲಾತೂರ್ ಸೀಮೆಯ ಇದೇ ಮಹಿಳೆಯರು ಕಚ್ಛಕ್ಕೆ ಹೋಗಿ ಅಲ್ಲಿನವರಿಗೆ ತಮ್ಮ ಅನುಭವವನ್ನು ಹೇಳಿದರು. ಬೀಗದ ಕೈ ಪಡೆದು ಸುಮ್ಮನಾದ ಊರಿನಿಂದ ಹೀಗೆ ಹೇಳಿಕೊಡುವವರು ಹೊರಡುವುದಿಲ್ಲ.

ಕಚ್ಛದ ಜನ ಬೇಡವೆಂದಾಗ

2001ರ ಜನವರಿ 26ರ ಬೆಳಿಗ್ಗೆ ಸಂಭವಿಸಿದ ಕಚ್ಛ ಭೂಕಂಪ ಲಾತೂರಿನದಕ್ಕಿಂತ ಬಹಳ ಪ್ರಬಲ. ಅದರ ಪ್ರಮಾಣ 7.7. ಸುಮಾರು 13,800 ಜನ ಪ್ರಾಣ ಕಳೆದುಕೊಂಡರು. ಎರಡು ಲಕ್ಷಕ್ಕೂ ಹೆಚ್ಚು ಮನೆಗಳು ನೆಲಕಚ್ಚಿದವು. ಆರಂಭದಲ್ಲಿ ಸರ್ಕಾರದ ಮನಸ್ಸಿನಲ್ಲಿದ್ದುದು ಲಾತೂರಿನ ಮಾದರಿಯೇ: ಅತಿ ಹಾನಿಗೀಡಾದ ಹಳ್ಳಿಗಳನ್ನು ಸ್ಥಳಾಂತರಿಸುವುದು. ಆದರೆ ಬಹುಪಾಲು ಹಳ್ಳಿಗಳು ತಾವು ಊರು ಬಿಡುವುದಿಲ್ಲ ಎಂದವು. ಸ್ವಯಂಸೇವಾ ಸಂಘಟನೆಗಳೂ ಅದನ್ನೇ ಹೇಳಿದವು. ಸರ್ಕಾರ ಆ ಮಾತನ್ನು ಕೇಳಿಸಿಕೊಂಡದ್ದು ಗಮನಾರ್ಹ.

ಭೂಕಂಪದ ಎರಡು ವಾರಗಳೊಳಗೆ ಸ್ಥಾಪನೆಯಾದ ಗುಜರಾತ್ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಮನೆ ಕಟ್ಟುವ ಹೊಣೆಯನ್ನು ಮನೆಯವರಿಗೇ ಬಿಟ್ಟಿತು. ಹಣವನ್ನು ನೇರವಾಗಿ ಬ್ಯಾಂಕ್ ಖಾತೆಗೆ, ಮೂರು ಕಂತುಗಳಲ್ಲಿ, ಶೇ 40, 40 ಮತ್ತು 20ರಂತೆ ಜಮಾ ಮಾಡಲಾಯಿತು. ಭೂಕಂಪ ನಿರೋಧಕ ಅಂಶಗಳಿವೆ ಎಂದು ಎಂಜಿನಿಯರ್ ದೃಢೀಕರಿಸಿದ ಮೇಲೆಯೇ ಮುಂದಿನ ಕಂತು. ಸಿಮೆಂಟನ್ನು ರಿಯಾಯಿತಿ ದರದಲ್ಲಿ ಒದಗಿಸಲಾಯಿತು. ಸಾವಿರಾರು ಗೌಂಡಿಗಳಿಗೆ ತರಬೇತಿ ನೀಡಲಾಯಿತು. ಕೆಲಸದ ಗುಣಮಟ್ಟವನ್ನು ಹೊರಗಿನ ತಜ್ಞ ಸಂಸ್ಥೆಯಿಂದ ಪರಿಶೀಲಿಸಲಾಯಿತು. ಸರ್ಕಾರ ಇಲ್ಲಿ ಮನೆ ಕಟ್ಟಲಿಲ್ಲ. ಹಣ, ಮಾನದಂಡ, ತರಬೇತಿ, ತಪಾಸಣೆ ಈ ನಾಲ್ಕನ್ನು ಮಾತ್ರ ತನ್ನ ಕೈಯಲ್ಲಿಟ್ಟುಕೊಂಡಿತು.

ಗುಜರಾತಿನಲ್ಲಿ ಗುತ್ತಿಗೆದಾರರು ಕಟ್ಟಿದ, ದಾನಿಗಳು ದತ್ತು ಪಡೆದು ಕಟ್ಟಿದ ಊರುಗಳೂ ಇವೆ. ಹೀಗಾಗಿ ಒಂದೇ ಭೂಕಂಪದ ನಂತರದ ಹಲವು ವಿಧಾನಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡಲು ಸಾಧ್ಯವಾಯಿತು. ಜೆನ್ನಿಫರ್ ಡ್ಯೂಯ್ನ್ ಬಾರೆನ್‌ಸ್ಟೈನ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಂತಹ ಐದು ವಿಧಾನಗಳನ್ನು ಹೋಲಿಸಿತು. ಹಣ ಮತ್ತು ತಾಂತ್ರಿಕ ನೆರವು ಪಡೆದು ತಾವೇ ಕಟ್ಟಿಸಿಕೊಂಡವರಲ್ಲಿ ತೃಪ್ತಿ ಹೆಚ್ಚು, ಗುತ್ತಿಗೆದಾರರು ಹೊಸ ಜಾಗದಲ್ಲಿ ಕಟ್ಟಿಕೊಟ್ಟ ಊರುಗಳಲ್ಲಿ ಕಡಿಮೆ ಎಂಬುದು ಅದರ ತಿರುಳು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ಕಾರಣವನ್ನು ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಭೂಕಂಪ ನಿರೋಧಕ ಅಂಶಗಳ ವೈಶಿಷ್ಟ್ಯವೆಂದರೆ ಗಿಲಾವು ಮುಗಿದ ಮೇಲೆ ಅವು ಕಣ್ಣಿಗೆ ಕಾಣುವುದಿಲ್ಲ. ಪಟ್ಟಿಯೊಳಗೆ ಸರಳು ಎರಡಿದೆಯೋ ಒಂದಿದೆಯೋ, ಮೂಲೆಯಲ್ಲಿ ಬಾಗಿಸಿ ಕಟ್ಟಿದ್ದಾರೋ ಇಲ್ಲವೋ ಎಂಬುದು ಮುಂದಿನ ಭೂಕಂಪದವರೆಗೆ ಯಾರಿಗೂ ಗೊತ್ತಾಗದು. ಕಾಣದ ಗುಣಮಟ್ಟದಲ್ಲಿ ಉಳಿತಾಯ ಮಾಡುವ ಆಸೆ ಗುತ್ತಿಗೆದಾರನಿಗೆ ಸಹಜ. ಹತ್ತು ಸಾವಿರ ಮನೆಗಳ ಪ್ರತಿ ಮೂಲೆಯನ್ನು ಕಾಯಲು ಯಾವ ಸರ್ಕಾರದ ಬಳಿಯೂ ಎಂಜಿನಿಯರುಗಳಿಲ್ಲ. ಆ ಮನೆಯಲ್ಲಿ ತನ್ನ ಮಕ್ಕಳನ್ನು ಮಲಗಿಸಬೇಕಾದವನು ಮಾತ್ರ ಕೂಲಿಯಿಲ್ಲದೆ ದಿನವಿಡೀ ಕಾಯಬಲ್ಲ. ಏನನ್ನು ನೋಡಬೇಕೆಂದು ಅವನಿಗೆ ತಿಳಿಸಿದ್ದರೆ ಸಾಕು, ಅವನಿಗಿಂತ ಅಗ್ಗದ ಮತ್ತು ಪ್ರಾಮಾಣಿಕ ಮೇಸ್ತ್ರಿ ಸಿಗಲಾರ.

ಸಿಮೆಂಟೊಂದೇ ದಾರಿಯಲ್ಲ

ದುರಂತದ ನಂತರ ಹಳೆಯದೆಲ್ಲ ಅಪಾಯ, ಕಾಂಕ್ರೀಟೆಲ್ಲ ಸುರಕ್ಷಿತ ಎಂಬ ಭಾವನೆ ಬೇಗ ಬೇರೂರುತ್ತದೆ. ಕಚ್ಛ ಈ ಎರಡು ನಂಬಿಕೆಗಳನ್ನೂ ಅಲ್ಲಗಳೆಯಿತು. ಅಹಮದಾಬಾದಿನಲ್ಲಿ ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು ಕುಸಿದವು. ಬನ್ನಿ ಪ್ರದೇಶದ ‘ಭುಂಗಾ’ ಎಂಬ ದುಂಡನೆಯ ಮಣ್ಣಿನ ಗುಡಿಸಲುಗಳು ಭೂಕಂಪದ ಕೇಂದ್ರಕ್ಕೆ ಹತ್ತಿರವಿದ್ದರೂ ಬಹುಮಟ್ಟಿಗೆ ನಿಂತವು. ದುಂಡು ಗೋಡೆಗೆ ಬಿಚ್ಚಿಕೊಳ್ಳಲು ಮೂಲೆಯೇ ಇಲ್ಲ; ಮೇಲಿನ ಹುಲ್ಲಿನ ಛಾವಣಿ ಹಗುರ. ಭುಜ್‌ನ ಹುನ್ನರ್‌ಶಾಲಾ ಸಂಸ್ಥೆ ಇಂತಹ ಸ್ಥಳೀಯ ಕೌಶಲಕ್ಕೆ ಆಧುನಿಕ ಪರೀಕ್ಷೆಯ ಬಲವನ್ನು ಸೇರಿಸಿ, ಸಿಮೆಂಟ್ ಬೆರೆಸಿ ಗಟ್ಟಿಗೊಳಿಸಿದ ಮಣ್ಣಿನ ಮನೆಗಳನ್ನು ಕಟ್ಟಿಸಿತು.

ಈ ವಿದ್ಯೆಗೆ ಬೆಂಗಳೂರಿನ ಕೊಡುಗೆಯೂ ಸಣ್ಣದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಒತ್ತಿ ತಯಾರಿಸಿದ ಮಣ್ಣಿನ ಇಟ್ಟಿಗೆಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿತು. ಅದೇ ಸಂಸ್ಥೆಯ ಕೆ.ಎಸ್. ಜಗದೀಶ್ ಮತ್ತು ಸಹೋದ್ಯೋಗಿಗಳು ಕಚ್ಛದಲ್ಲಿ ಬಿದ್ದ ಗೋಡೆಗಳನ್ನೂ ನಿಂತ ಗೋಡೆಗಳನ್ನೂ ಅಭ್ಯಸಿಸಿದರು. ಅಡ್ಡ ಪಟ್ಟಿಗಳ ಜೊತೆಗೆ ಗೋಡೆಯ ಎರಡೂ ಮುಖಗಳಿಗೆ ತೆಳುವಾದ ಸರಳುಗಳನ್ನು ನೆಟ್ಟಗೆ ಇರಿಸಿ, ಗೋಡೆಯ ಮೂಲಕ ಒಂದಕ್ಕೊಂದು ಬಿಗಿದರೆ ಗೋಡೆ ಹಠಾತ್ತನೆ ಕುಸಿಯುವುದನ್ನು ತಡೆಯಬಹುದು ಎಂದು ಪ್ರಯೋಗಗಳ ಮೂಲಕ ತೋರಿಸಿದರು. ಗ್ರಾಮೀಣ ಗೌಂಡಿ ಕಲಿಯಬಲ್ಲ ವಿಧಾನವಿದು. ಪ್ರಯೋಗಶಾಲೆಯಿಂದ ಕಲಬುರಗಿಯ ಹಳ್ಳಿಯ ಗೋಡೆಯವರೆಗಿನ ದೂರವನ್ನು ಕ್ರಮಿಸಬೇಕಾದುದು ಈಗ ವಿಜ್ಞಾನವಲ್ಲ, ಆಡಳಿತ.

ಮನೆಯವರಿಗೇ ಬಿಟ್ಟರೆ ಸಾಕೇ?

ಸಾಲದು. ಮನೆಯವರ ಕೈಗೆ ಹಣ ಕೊಟ್ಟು ಸರ್ಕಾರ ಕೈತೊಳೆದುಕೊಳ್ಳುವುದು ಗುತ್ತಿಗೆದಾರನಿಗೆ ಒಪ್ಪಿಸುವಷ್ಟೇ ದೊಡ್ಡ ತಪ್ಪಾದೀತು. ಈ ವಿಧಾನದ ಮಿತಿಗಳು ನೇಪಾಳದಲ್ಲಿ ಸ್ಪಷ್ಟವಾಗಿ ಕಂಡವು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅಲ್ಲಿ ಸುಮಾರು 9,000 ಜನ ಮೃತಪಟ್ಟರು. ಲಕ್ಷಾಂತರ ಮನೆಗಳು ಬಿದ್ದವು. ಬಿದ್ದವುಗಳಲ್ಲಿ ಹೆಚ್ಚಿನವು ಮಣ್ಣಿನ ಗಾರೆಯ ಕಲ್ಲಿನ ಮನೆಗಳು. ಸರ್ಕಾರ ಪ್ರತಿ ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ನೀಡಿತು. ಪುನರ್ನಿರ್ಮಾಣ ಪ್ರಾಧಿಕಾರ ಸ್ಥಾಪನೆಯಾಗುವುದರೊಳಗೆ ಎಂಟು ತಿಂಗಳು ಕಳೆದಿತ್ತು. ದುಡಿಯುವ ವಯಸ್ಸಿನ ಗಂಡಸರು ಕೊಲ್ಲಿ ದೇಶಗಳಲ್ಲಿದ್ದರು. ವಿಧವೆಯರು, ವೃದ್ಧರು, ಜಮೀನಿನ ಕಾಗದವಿಲ್ಲದವರು ಹಿಂದೆ ಬಿದ್ದರು. ನೆರವಿನ ಹಣಕ್ಕೂ ನಿಜವಾದ ವೆಚ್ಚಕ್ಕೂ ಬಹಳ ಅಂತರವಿದ್ದುದರಿಂದ ಅನೇಕರು ಕಂತು ಪಡೆಯಲು ಬೇಕಾದಷ್ಟೇ ಎಂಬಂತೆ ಒಂದೇ ಕೋಣೆಯ ಮನೆ ಕಟ್ಟಿದರು. ಕೆಲವರು ಬಿರುಕುಬಿಟ್ಟ ಹಳೆಯ ಮನೆಯಲ್ಲಿಯೇ ಸಂಸಾರ ಮುಂದುವರಿಸಿದರು. ಮಾನದಂಡವನ್ನು ಪಾಲಿಸಿದ ಮನೆ ಬೇರೆ, ಮಲಗುವ ಮನೆ ಬೇರೆಯಾಯಿತು.

ಇದರಿಂದ ತಿಳಿಯುವುದಿಷ್ಟು. ತಾವೇ ಕಟ್ಟಿಸಿಕೊಳ್ಳಲಾಗದವರಿಗೆ ಗ್ರಾಮದ ಗುಂಪುಗಳ ಮೂಲಕ ಕಟ್ಟಿಸಿಕೊಡುವ ಪ್ರತ್ಯೇಕ ವ್ಯವಸ್ಥೆ ಬೇಕು. ಎಲ್ಲರೂ ಒಮ್ಮೆಲೇ ಕಟ್ಟಲು ಹೊರಟಾಗ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದರ ಬೆಲೆ ಏರುವುದರಿಂದ ಸಾಮಗ್ರಿಯ ಪೂರೈಕೆಯತ್ತ ಸರ್ಕಾರ ಗಮನ ಹರಿಸಬೇಕು. ಹಕ್ಕುಪತ್ರವಿಲ್ಲ ಎಂಬ ಕಾರಣಕ್ಕೆ ಬಡವನ ಮನೆ ನಿಲ್ಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ ತಪಾಸಣೆಗೆ ಬರುವ ಎಂಜಿನಿಯರ್ ತಪ್ಪು ಹುಡುಕಿ ಕಂತು ತಡೆಯುವವನಾಗದೆ, ಕೆಲಸ ನಡೆಯುವಾಗಲೇ ತಿದ್ದಿ ಹೇಳುವವನಾಗಬೇಕು.

ಇಷ್ಟಾದರೂ ಆಡಳಿತಗಳು ಪದೇ ಪದೇ ಗುತ್ತಿಗೆಯ ದಾರಿಗೇ ಏಕೆ ಮರಳುತ್ತವೆ? ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ಸಂಗತಿ. ಒಂದು ಟೆಂಡರಿನ ಕಡತ ನಿಭಾಯಿಸುವುದು ಸುಲಭ. ಹತ್ತು ಸಾವಿರ ಬ್ಯಾಂಕ್ ಖಾತೆಗಳ ಮೂವತ್ತು ಸಾವಿರ ಕಂತುಗಳನ್ನು ನಿಭಾಯಿಸುವುದು ಕಷ್ಟ. ಮಾರ್ಚ್ ಅಂತ್ಯದೊಳಗೆ ಅನುದಾನ ಖರ್ಚಾಗಿ ಹಣಬಳಕೆ ಪ್ರಮಾಣಪತ್ರ ಹೋಗಬೇಕು. ರೈತನಾದರೋ ಸುಗ್ಗಿ ಮುಗಿಸಿ ಕೈಯಲ್ಲಿ ಕಾಸು ಕಂಡ ಮೇಲೆ ಗೋಡೆ ಎತ್ತುತ್ತಾನೆ. ಸಾಲುಸಾಲಾಗಿ ನಿಂತ ಒಂದೇ ಬಣ್ಣದ ಮನೆಗಳನ್ನು ಉದ್ಘಾಟಿಸಬಹುದು. ಹಳೆಯ ಓಣಿಯೊಳಗೆ ಒಬ್ಬೊಬ್ಬರಾಗಿ ಕಟ್ಟಿಕೊಂಡ ಮನೆಗಳಿಗೆ ಎಲ್ಲಿ ಟೇಪು ಕತ್ತರಿಸುವುದು? ಈ ಅನುಕೂಲಗಳೆಲ್ಲ ಆಡಳಿತದವು. ಅದರ ಬೆಲೆಯನ್ನು ತೆರುವವರು ಮಾತ್ರ ಊರಿನವರು.

ನಮ್ಮ ಮನೆಯಂಗಳದಲ್ಲಿ

ಕರ್ನಾಟಕಕ್ಕೆ ಈ ಅನುಭವ ಹೊಸತೇನಲ್ಲ. 2009ರ ಭೀಕರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಹೊಸ ಗ್ರಾಮಗಳನ್ನು ಕಟ್ಟಲಾಯಿತು. ದಾನಿಗಳ ಉದಾರತೆಯನ್ನು ಯಾರೂ ಶಂಕಿಸಬೇಕಿಲ್ಲ. ಆದರೆ ಹೊಲಕ್ಕೆ ದೂರವಾದ, ದನಕರುಗಳಿಗೆ ಜಾಗವಿಲ್ಲದ, ಸಂಸಾರಕ್ಕೆ ಸಾಲದ ಮನೆಗಳು ಬೀಗ ಹಾಕಿಕೊಂಡೋ ಮುಳ್ಳುಕಂಟಿ ಬೆಳೆದೋ ನಿಂತಿರುವುದು ವರ್ಷಗಳ ಕಾಲ ಪತ್ರಿಕೆಗಳಲ್ಲಿ ವರದಿಯಾಗುತ್ತಲೇ ಬಂತು. ಹತ್ತು ವರ್ಷಗಳ ನಂತರ, 2019ರ ನೆರೆಯಲ್ಲಿ ಸಂಪೂರ್ಣ ಕುಸಿದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿಗಳನ್ನು ಹಂತ ಹಂತವಾಗಿ ಸಂತ್ರಸ್ತರಿಗೇ ನೀಡುವ ದಾರಿ ಹಿಡಿಯಿತು. ದಾರಿ ಸರಿಯಾದುದೇ. ಅಷ್ಟರಮಟ್ಟಿಗೆ ಹಣದ ಪಾಠವನ್ನು ನಾವು ಕಲಿತಿದ್ದೇವೆ. ಕಟ್ಟುವ ಕ್ರಮದ ಪಾಠ ಇನ್ನೂ ಉಳಿದಿದೆ.

ಭೂಕಂಪದ ಭಯ ನಮಗೇಕೆ ಎನ್ನುವವರು 2021ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಪ್ರಮಾಣ ಸಣ್ಣದಾದರೂ ಜನ ಮನೆಯೊಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆದರು. ತಮ್ಮ ಮಾಳಿಗೆಯ ತೂಕ ಎಷ್ಟೆಂಬುದು ಅವರಿಗೆ ಯಾವ ತಜ್ಞನಿಗಿಂತಲೂ ಚೆನ್ನಾಗಿ ಗೊತ್ತಿತ್ತು. ನಕ್ಷೆಯಲ್ಲಿನ ವಲಯದ ಬಣ್ಣವನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. 1993ರವರೆಗೆ ಕಿಲ್ಲಾರಿ ಇದ್ದುದು ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿಯೇ. 2002ರ ಪರಿಷ್ಕರಣೆಯಲ್ಲಿ ಆ ಮೊದಲನೆಯ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಲಾಯಿತು. ಕಿಲ್ಲಾರಿ ಪ್ರದೇಶ ಮೂರನೆಯ ವಲಯಕ್ಕೆ ಸೇರಿತು. ನಕ್ಷೆ ತಿದ್ದುಪಡಿಯಾದದ್ದು ಸಾವಿರಾರು ಜನ ಸತ್ತ ಮೇಲೆ.

ದುರಂತ ಬರುವವರೆಗೆ ಕಾಯುವ ಅಗತ್ಯ ನಮಗಿಲ್ಲ. ಗ್ರಾಮೀಣ ವಸತಿ ಯೋಜನೆಗಳಡಿ ರಾಜ್ಯದಲ್ಲಿ ವರ್ಷವರ್ಷವೂ ಮನೆಗಳು ಏಳುತ್ತಲೇ ಇವೆ. ಕಟ್ಟಿಸುವವರು ಫಲಾನುಭವಿಗಳೇ. ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂಬ ಹಂತಗಳಲ್ಲಿ ಛಾಯಾಚಿತ್ರ ತೆಗೆದು ದಾಖಲಿಸಿದ ನಂತರ ಕಂತು ಬಿಡುಗಡೆಯಾಗುವ ಪದ್ಧತಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದಲ್ಲಿ ರೂಢಿಯಲ್ಲಿದೆ. ಕಚ್ಛದಲ್ಲಿ ಹೊಸದಾಗಿ ಹುಟ್ಟುಹಾಕಬೇಕಾದ ವ್ಯವಸ್ಥೆ ನಮ್ಮಲ್ಲಿ ಶಾಂತಿಕಾಲದಲ್ಲಿಯೇ ಇದೆ ಎಂದಾಯಿತು. ಕೊರತೆ ಒಂದೇ: ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ ಎಂಬುದನ್ನು ಛಾಯಾಚಿತ್ರ ತೋರಿಸುತ್ತದೆ, ಲಿಂಟಲ್ ಪಟ್ಟಿ ನಾಲ್ಕೂ ಗೋಡೆಗಳನ್ನು ಸುತ್ತಿದೆಯೇ ಎಂಬುದನ್ನು ತೋರಿಸುವುದಿಲ್ಲ.

ಆದ್ದರಿಂದ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಲಿಂಟಲ್ ಹಂತದ ಛಾಯಾಚಿತ್ರವನ್ನು ಕಾಂಕ್ರೀಟ್ ಸುರಿಯುವ ಮೊದಲೇ, ಮೂಲೆಯಲ್ಲಿ ಬಾಗಿಸಿ ಕಟ್ಟಿದ ಸರಳು ಕಾಣುವಂತೆ ತೆಗೆಯಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು. ಎರಡನೆಯದಾಗಿ, ಪಟ್ಟಿಗೆ ತಗಲುವ ಹೆಚ್ಚುವರಿ ವೆಚ್ಚವನ್ನು ಸರ್ಕಾರವೇ ಭರಿಸಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆಯು 2016ರಲ್ಲಿ ಗ್ರಾಮೀಣ ಪ್ರದೇಶದಲ್ಲಿ ಆರಂಭವಾದಾಗ ಬಯಲು ಸೀಮೆಯ ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ಇಂತಹ ಮೊತ್ತದಲ್ಲಿ ಮನೆ ಮುಗಿಸಲು ಹೆಣಗುವ ಕುಟುಂಬಕ್ಕೆ ಕಾಣದ ಕಬ್ಬಿಣಕ್ಕೆ ಖರ್ಚು ಮಾಡು ಎಂದು ಉಪದೇಶಿಸುವುದು ನ್ಯಾಯವಲ್ಲ. ಮೂರನೆಯದಾಗಿ, ಅದೇ ಯೋಜನೆಯಡಿ ಗ್ರಾಮೀಣ ಗೌಂಡಿಗಳಿಗೆ ಮನೆ ಕಟ್ಟುವ ಸ್ಥಳದಲ್ಲಿಯೇ ನೀಡುವ 45 ದಿನಗಳ ತರಬೇತಿಯಲ್ಲಿ ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳಿಗೆ ಆದ್ಯತೆ ದೊರೆಯಬೇಕು. ಅಲ್ಲಿನ ಕಲ್ಲು, ಅಲ್ಲಿನ ಮಣ್ಣು, ಅಲ್ಲಿನ ಛಾವಣಿಯನ್ನು ಇಟ್ಟುಕೊಂಡೇ ಕಲಿಸಬೇಕು. ನಾಲ್ಕನೆಯದಾಗಿ, ಪ್ರತಿ ಹೋಬಳಿಯಲ್ಲಿ ಒಂದು ಸರ್ಕಾರಿ ಕಟ್ಟಡವನ್ನು, ಅಂಗನವಾಡಿಯೋ ಶಾಲೆಯೋ ಆದೀತು, ಊರಿನ ಗೌಂಡಿಗಳಿಂದಲೇ ಭೂಕಂಪ ನಿರೋಧಕವಾಗಿ ಕಟ್ಟಿಸಿ, ಕಟ್ಟುವಾಗ ಊರಿನವರೆಲ್ಲ ಬಂದು ನೋಡುವಂತೆ ಮಾಡಬೇಕು. ಮಕ್ಕಳ ತಲೆಯ ಮೇಲಿನ ಸೂರೂ ಭದ್ರವಾಗುತ್ತದೆ, ಕಣ್ಣಾರೆ ಕಂಡದ್ದು ಕರಪತ್ರಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು ಕೆಲಸ ಇವೆಲ್ಲಕ್ಕಿಂತ ತುರ್ತಿನದು. ಹೊಸ ಮನೆಗಳ ಮಾತು ಏನೇ ಇರಲಿ, ಇಂದು ರಾತ್ರಿ ಜನ ಮಲಗುವುದು ಹಳೆಯ ಮನೆಗಳಲ್ಲಿ. ಮಾಳಿಗೆಯ ಮೇಲೆ ವರ್ಷಗಳಿಂದ ಸೇರಿದ ಹೆಚ್ಚುವರಿ ಮಣ್ಣನ್ನು ಇಳಿಸುವುದು, ಉಬ್ಬಿದ ಗೋಡೆಯಲ್ಲಿ ಅಡ್ಡ ಬಂಧಗಳನ್ನು ಕೂಡಿಸುವುದು, ತೊಲೆಗಳಿಗೆ ಕಂಬದ ಆಸರೆ ಕೊಡುವುದು ಇವು ಲಕ್ಷಗಟ್ಟಲೆ ಹಣ ಬೇಡುವ ಕೆಲಸಗಳಲ್ಲ. ತಿಳಿದವರ ಮಾರ್ಗದರ್ಶನವಿದ್ದರೆ ಬೇಸಿಗೆಯ ಬಿಡುವಿನಲ್ಲಿ ಮಾಡಿ ಮುಗಿಸಬಹುದಾದವು. ಹೊಸ ಮನೆಗೆ ಅನುದಾನವಿದೆ. ಇರುವ ಮನೆಯನ್ನು ಬಲಪಡಿಸಿಕೊಳ್ಳುವವರಿಗೂ ಅನುದಾನದಲ್ಲಿ ಒಂದು ಪಾಲು ಸಿಗಬೇಕು.

ಭೂಕಂಪ ಎಂದು ಬರುತ್ತದೆಂದು ಹೇಳುವ ವಿಜ್ಞಾನ ಇನ್ನೂ ಹುಟ್ಟಿಲ್ಲ. ಗೋಡೆ ಏಕೆ ಬೀಳುತ್ತದೆಂದು ಹೇಳುವ ವಿಜ್ಞಾನ ಮಾತ್ರ ನಮ್ಮ ಬಳಿ ಬಹುಕಾಲದಿಂದ ಇದೆ. ಕಿಲ್ಲಾರಿಯ ಜನ ಸತ್ತದ್ದು ಮೊದಲನೆಯದು ಇಲ್ಲದ್ದರಿಂದಲ್ಲ, ಎರಡನೆಯದು ಅವರ ಗೌಂಡಿಗೆ ತಲುಪದಿದ್ದುದರಿಂದ. ಗಡಿಯ ಈಚೆಗಿನ ಗೌಂಡಿಗೆ ಅದನ್ನು ತಲುಪಿಸಲು ಇನ್ನೊಂದು ಕಿಲ್ಲಾರಿ ಬೇಕಾಗಬಾರದು.